ಹುರುಳಿಯ ಕಾಳೂ ಪ್ರೋಟೀನಿನ ಡಬ್ಬವೂ

ಕಳೆದ ತಿಂಗಳು ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ತಾಯಿ ಕಾಪುವಿನಿಂದ ನಮ್ಮ ಮನೆಗೆ ಬಂದಿದ್ದರು. ಮಗನಿಗೆ ಮಣಿಪಾಲದಲ್ಲಿ ಉದ್ಯೋಗ. ಸಂಜೆಯ ಹೊತ್ತು ಜಿಮ್. ಸಂಬಳದ ಐದರಲ್ಲೊಂದು ಪಾಲು ಪ್ರೋಟೀನ್ ಡಬ್ಬಕ್ಕೆ ಹೋಗುತ್ತಿದೆ, ಮನೆಯ ಊಟ ಅವನಿಗೆ ರುಚಿಸುವುದಿಲ್ಲ ಎಂಬುದು ಅವರ ಸಂಕಟ. "ಮಾಸ್ಟ್ರೇ, ನೀವು ಹೇಳಿದರೆ ಕೇಳಿಯಾನು" ಎಂದರು.

ಆದಿತ್ಯವಾರ ಹುಡುಗ ಬಂದ. ಜೊತೆಗೆ ಎರಡು ವಸ್ತುಗಳನ್ನು ತಂದಿದ್ದ. ಒಂದು, ಚೀಟಿ ಅಂಟಿಸಿದ ಡಬ್ಬ. ಇನ್ನೊಂದು, ಹೆಸರೇ ಇಲ್ಲದ ಪೊಟ್ಟಣ. ಇದರಲ್ಲೇನಿದೆಯೆಂದು ಕೇಳಿದೆ. "ಗೊತ್ತಿಲ್ಲ ಸಾರ್, ಕೋಚ್ ಕೊಟ್ಟದ್ದು" ಎಂದ. ಪ್ರಶ್ನೆ ಕೇಳದೆ ಏನನ್ನೂ ಒಪ್ಪಬೇಡಿರೆಂದು ತರಗತಿಯಲ್ಲಿ ವರ್ಷಗಟ್ಟಲೆ ಹೇಳಿದ ನನಗೆ ಆ ಉತ್ತರ ಬಹಳ ನೋವುಂಟುಮಾಡಿತು.

ಡಬ್ಬವನ್ನು ನಾನು ವಿಷವೆನ್ನಲಾರೆ. ಹಾಲನ್ನು ಒಡೆದು ಚೀಸ್ ತೆಗೆದ ಮೇಲೆ ಉಳಿಯುವ ನೀರನ್ನು ಶೋಧಿಸಿ ಒಣಗಿಸಿದ ಪುಡಿಯೇ 'ವೇ ಪ್ರೋಟೀನ್'. ನಮ್ಮ ತಲೆಮಾರಿನ ಊಟವೇ ಶ್ರೇಷ್ಠವೆಂದು ಜಂಬ ಕೊಚ್ಚುವುದೂ ಸಲ್ಲದು. ಕುಚ್ಚಲಕ್ಕಿ ಗಂಜಿ, ಉಪ್ಪಿನಕಾಯಿಗಳಲ್ಲಿ ಪ್ರೋಟೀನ್ ಕಡಿಮೆಯೇ. ನಮ್ಮ ಮನೆಯಲ್ಲಿ ಹುರುಳಿ ಬೇಯಿಸಿದಾಗ ಕಟ್ಟು ನಮ್ಮ ಸಾರಿಗೆ, ಕಾಳು ಕೊಟ್ಟಿಗೆಯ ದನಗಳಿಗೆ! ಕಾರ್ಕಳದ ಮಿಯ್ಯಾರು ಕಂಬಳದಲ್ಲಿ ಓಡುವ ಕೋಣಗಳಿಗೂ ಹುರುಳಿಯನ್ನೇ ತಿನ್ನಿಸಿ ಸಾಕುತ್ತಾರೆ. ಕಾಳಿನ ಬಲವನ್ನು ಕೋಣಗಳಿಗೆ ಕೊಟ್ಟು ನೀರು ಕುಡಿದವರು ನಾವು.

ಲೆಕ್ಕ ಹಾಕಿ ನೋಡೋಣ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಪ್ರಕಾರ ದೇಹತೂಕದ ಪ್ರತಿ ಕಿಲೋಗೆ ದಿನಕ್ಕೆ 0.83 ಗ್ರಾಂ ಪ್ರೋಟೀನ್ ಸಾಕು. ಅರುವತ್ತು ಕಿಲೋ ತೂಗುವವನಿಗೆ ಸುಮಾರು 50 ಗ್ರಾಂ. ಭಾರ ಎತ್ತುವ ವ್ಯಾಯಾಮ ಮಾಡುವವರಿಗೆ ಹೆಚ್ಚು ಬೇಕೇನೋ ಹೌದು. ಆದರೆ 1.6 ಗ್ರಾಂ ಮೀರಿದರೆ ಹೆಚ್ಚಿನ ಲಾಭವಿಲ್ಲವೆಂದು ಮಂಡಳಿಯ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರ ಮೇ ತಿಂಗಳ ಮಾರ್ಗಸೂಚಿಯಲ್ಲಿ ತಿಳಿಸಿದೆ. ದೇಹ ಬೆಳೆಸಲು ಪುಡಿಗಳ ಸೇವನೆ ಬೇಡವೆಂದೂ ಸಲಹೆ ನೀಡಿದೆ. ನೂರು ಗ್ರಾಂ ಬಂಗುಡೆಯಲ್ಲಿ ಸುಮಾರು 19 ಗ್ರಾಂ, ಎರಡು ಮೊಟ್ಟೆಗಳಲ್ಲಿ 12, ಐವತ್ತು ಗ್ರಾಂ ಹುರುಳಿಯಲ್ಲಿ 11, ಕಾಲು ಲೀಟರ್ ಹಾಲಿನಲ್ಲಿ 8. ಇಷ್ಟರಲ್ಲೇ ಐವತ್ತಾಯಿತು! ಮೀನು ತಿನ್ನದವರಿಗೆ ನೆಲಗಡಲೆ, ಹೆಸರು, ಮೊಸರುಗಳಿವೆ. ಅನ್ನ, ತೊವ್ವೆಗಳ ಪಾಲು ಬೇರೆ.

ಡಬ್ಬದ ಚೀಟಿಯನ್ನಾದರೂ ಪೂರ್ತಿ ನಂಬಬಹುದೇ? ಭಾರತದಲ್ಲಿ ಮಾರಾಟವಾಗುವ 36 ಪ್ರೋಟೀನ್ ಪುಡಿಗಳನ್ನು ಪರೀಕ್ಷಿಸಿ ಕೇರಳದ ವೈದ್ಯರೊಬ್ಬರ ತಂಡ 2024ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಸುಮಾರು ಶೇಕಡಾ 70ರಷ್ಟರ ಪ್ರೋಟೀನ್ ಮಾಹಿತಿ ಸರಿಯಾಗಿರಲಿಲ್ಲ. ಚೀಟಿ ಇದ್ದದ್ದರ ಅವಸ್ಥೆಯೇ ಹೀಗಾದರೆ ಚೀಟಿಯೇ ಇಲ್ಲದ ಪೊಟ್ಟಣದ ಗತಿಯೇನು? ಸ್ಟೆರಾಯ್ಡ್ ಬೆರೆತಿದ್ದರೆ ಯಕೃತ್ತು, ಹೃದಯಗಳು ಅದರ ಬೆಲೆ ತೆರಬೇಕಾಗುತ್ತದೆ.

ನಮ್ಮ ಉಡುಪಿ ಜಿಲ್ಲೆಯ ಗುರುರಾಜ ಪೂಜಾರಿಯವರು 2018ರ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಬೆಳ್ಳಿ, 2022ರಲ್ಲಿ ಕಂಚು ಗೆದ್ದವರು. ಅಂಥ ಕ್ರೀಡಾಪಟುಗಳಿಗೆ ಒಂದು ಕಟ್ಟುನಿಟ್ಟಿನ ನಿಯಮವಿದೆ: ದೇಹದಲ್ಲಿ ನಿಷಿದ್ಧ ವಸ್ತು ಸಿಕ್ಕಿದರೆ, ಯಾರೇ ಕೊಟ್ಟಿರಲಿ, ಹೊಣೆ ಕ್ರೀಡಾಪಟುವಿನದೇ. ಪದಕದ ಆಸೆಯಿಲ್ಲದ ನಮ್ಮ ಮಕ್ಕಳಿಗೆ ಇಷ್ಟು ಎಚ್ಚರ ಬೇಡವೇ? ಮಾರುವವನೇ ಸಲಹೆಗಾರನೂ ಆದಲ್ಲಿ ಆ ಸಲಹೆಯನ್ನು ಎರಡು ಬಾರಿ ತೂಗಬೇಕು. ಮೂತ್ರಪಿಂಡದ ತೊಂದರೆ ಇರುವವರಂತೂ ವೈದ್ಯರನ್ನು ಕೇಳದೆ ಡಬ್ಬದ ಮುಚ್ಚಳ ತೆರೆಯಬಾರದು.

ಹುಡುಗ ಎಲ್ಲವನ್ನೂ ತಾಳ್ಮೆಯಿಂದ ಕೇಳಿದ. ಹೋಗುವಾಗ ಡಬ್ಬವನ್ನು ಕೊಂಡುಹೋದ. ಪೊಟ್ಟಣವನ್ನು ನನ್ನ ಮೇಜಿನ ಮೇಲೆಯೇ ಬಿಟ್ಟ. ನನಗೆ ಅಷ್ಟೇ ಬೇಕಿತ್ತು. ಮೊನ್ನೆ ಅವನ ತಾಯಿ ದೂರವಾಣಿಯಲ್ಲಿ ನಗುತ್ತ ಹೇಳಿದರು: "ಈಗ ಹುರುಳಿ ಬೇಯಿಸಿದರೆ ಕಾಳನ್ನು ಅವನೇ ಕೇಳಿ ಬಡಿಸಿಕೊಳ್ಳುತ್ತಾನೆ ಮಾಸ್ಟ್ರೇ."