ಕೊನೆಯಂಚಿನ ರೈತನೂ ಕೊನೆಯ ಊರಿನ ಅಂತರ್ಜಾಲವೂ

ಗುಂಡ್ಲುಪೇಟೆಯ ಕಚೇರಿಯೊಂದರ ಮುಂದೆ ಪಹಣಿಗಾಗಿ ಅರ್ಧ ದಿನ ಸಾಲಿನಲ್ಲಿ ನಿಂತಿದ್ದೆ. ಕೌಂಟರಿನಿಂದ ಬಂದ ಉತ್ತರ ಒಂದೇ: 'ಸರ್ವರ್ ಇಲ್ಲ, ನಾಳೆ ಬನ್ನಿ.' ನನಗೆ ಅದು ಬೇಸರದ ಸಂಗತಿ. ನನ್ನ ಮುಂದಿದ್ದ ಹೆಂಗಸಿಗೆ ಒಂದು ದಿನದ ಕೂಲಿ. ಪಹಣಿ, ಪಡಿತರದ ಬೆರಳಚ್ಚು, ಎಪಿಎಂಸಿಯ ಇ-ಹರಾಜು, ಆಸ್ತಿ ನೋಂದಣಿ ಎಲ್ಲವೂ ಅಂತರ್ಜಾಲಕ್ಕೆ ಕಟ್ಟುಬಿದ್ದಿರುವಾಗ, ಆ ಸಂಪರ್ಕ ಹಂಚಿಕೆಯದೋ ಮೀಸಲೋ ಎಂಬ ಪ್ರಶ್ನೆಯನ್ನು ತಂತ್ರಜ್ಞರಿಗಷ್ಟೇ ಬಿಟ್ಟುಕೊಡಲಾಗದು.

ಮನೆಗೆ ಬರುವ ಫೈಬರ್ ಸಾಮಾನ್ಯವಾಗಿ ಹಂಚಿಕೆಯದು. ವ್ಯಾಪಕ ಬಳಕೆಯಲ್ಲಿರುವ ಜಿಪಾನ್ ವ್ಯವಸ್ಥೆಯಲ್ಲಿ ಒಂದೇ ಎಳೆ 32 ಅಥವಾ 64 ಮನೆಗಳಿಗೆ ಕವಲೊಡೆಯುತ್ತದೆ. ಸೆಕೆಂಡಿಗೆ ಸುಮಾರು 2.5 ಗಿಗಾಬಿಟ್ ಸಾಮರ್ಥ್ಯವನ್ನು 64 ಮನೆಯವರೂ ಒಮ್ಮೆಗೇ ಬಳಸಿದರೆ ತಲಾ ಪಾಲು 40 ಎಂಬಿಪಿಎಸ್‌ಗೂ ಕಡಿಮೆ. ಊರಿನಿಂದ ಆಚೆಗೆ ಹೋಗುವ ದಾರಿ ಕಿರಿದಾಗಿದ್ದರೆ ಅದೂ ಇಲ್ಲ. ನಾಲೆಯ ಮೇಲ್ಭಾಗದವರು ತೂಬು ತೆರೆದಾಗ ಕೊನೆಯಂಚಿನ ರೈತನಿಗೆ ಆಗುವುದೇ ಸಂಜೆಯ ಹೊತ್ತು ಬಳಕೆದಾರನಿಗೂ ಆಗುತ್ತದೆ. ಎಷ್ಟು ಜನರ ನಡುವೆ ಹಂಚಬಹುದೆಂಬುದಕ್ಕೆ ಟ್ರಾಯ್ 2009ರಲ್ಲಿಯೇ ಮಾರ್ಗಸೂಚಿ ನೀಡಿ, ಮನೆಗಳಿಗೆ 1:50, ವ್ಯಾಪಾರಿ ಬಳಕೆಗೆ 1:30 ಎಂದಿತ್ತು. ಆದರೆ ಜಾಹೀರಾತುಗಳಲ್ಲಿ ಈ ಅನುಪಾತ ಕಾಣುವುದಿಲ್ಲ. '100 ಎಂಬಿಪಿಎಸ್‌ವರೆಗೆ' ಎಂಬುದಷ್ಟೇ ಕಾಣುತ್ತದೆ. ಆ 'ವರೆಗೆ'ಯಲ್ಲಿಯೇ ಗುಟ್ಟಿದೆ.

ಮೀಸಲು ಸಂಪರ್ಕ ಅಥವಾ ಲೀಸ್ಡ್ ಲೈನ್ ಎಂಬುದು ಸ್ವಂತ ಕೊಳವೆಬಾವಿಯಿದ್ದಂತೆ. ಕೊಂಡಷ್ಟು ವೇಗ ಹಗಲಿರುಳೂ ಲಭ್ಯ. ಕಳುಹಿಸುವ ವೇಗವೂ ಪಡೆಯುವ ವೇಗವೂ ಸಮ. ಕೆಟ್ಟರೆ ಎಷ್ಟು ಗಂಟೆಯೊಳಗೆ ಸರಿಪಡಿಸಬೇಕೆಂಬುದು ಸಾಮಾನ್ಯವಾಗಿ ಕರಾರಿನಲ್ಲಿಯೇ ಇರುತ್ತದೆ. ದರ ಮಾತ್ರ ಹಲವು ಪಟ್ಟು ಹೆಚ್ಚು. ಆದ್ದರಿಂದ ಮನೆಗೂ, ಸಣ್ಣ ಅಂಗಡಿಗೂ ಹಂಚಿಕೆಯ ಸಂಪರ್ಕವೇ ಸಾಕು. ಕ್ಯಾಮೆರಾ ದೃಶ್ಯಗಳನ್ನೋ ಎಕ್ಸ್-ರೇ ಚಿತ್ರಗಳನ್ನೋ ಎಡೆಬಿಡದೆ ಕಳುಹಿಸಬೇಕಾದ ಆಸ್ಪತ್ರೆ, ಬ್ಯಾಂಕುಗಳಿಗೆ ಮೀಸಲು ಸಂಪರ್ಕ ಐಷಾರಾಮವಲ್ಲ.

ಇಲ್ಲಿ ಹಲವರು ಎಡವುವ ಸಂಗತಿಯೊಂದಿದೆ. ಮೀಸಲು ಎಂದ ಮಾತ್ರಕ್ಕೆ ಅದು ಕಡಿಯುವುದಿಲ್ಲವೆಂದಲ್ಲ. ರಸ್ತೆ ಅಗೆಯುವ ಜೆಸಿಬಿಗೆ ಎರಡೂ ಎಳೆಗಳು ಒಂದೇ. ಚಾಮರಾಜನಗರದ ಅರಿಸಿನ ವರ್ತಕನಿಗೆ ಹರಾಜಿನ ಹೊತ್ತು ತಪ್ಪಬಾರದೆಂದಿದ್ದರೆ, ದುಬಾರಿಯ ಒಂದು ಮೀಸಲು ಎಳೆಗಿಂತ, ಬೇರೆ ಬೇರೆ ದಾರಿಯಲ್ಲಿ ಬರುವ ಎರಡು ಅಗ್ಗದ ಸಂಪರ್ಕಗಳು, ಅಂದರೆ ಒಂದು ಫೈಬರ್ ಮತ್ತು ಒಂದು ಮೊಬೈಲ್ ಜಾಲ, ಮೇಲೆಂಬುದು ನನ್ನ ಅಭಿಪ್ರಾಯ.

ಈ ಪಾಠವನ್ನು ಕೇಂದ್ರ ಸರ್ಕಾರವೂ ತಡವಾಗಿ ಕಲಿಯಿತು. 2011ರಲ್ಲಿ ಒಪ್ಪಿಗೆ ಪಡೆದು ಮುಂದೆ ಭಾರತ್‌ನೆಟ್ ಎನಿಸಿಕೊಂಡ ಯೋಜನೆಯಲ್ಲಿ ಪಂಚಾಯಿತಿಗಳಿಗೆ ಹೆಚ್ಚಾಗಿ ಒಂದೇ ದಾರಿಯ ಎಳೆ ಬಂತು. ನಡುವೆ ತುಂಡಾದರೆ ಮುಂದಿನ ಊರುಗಳೆಲ್ಲ ಕತ್ತಲಾಗುತ್ತಿದ್ದವು. 2023ರಲ್ಲಿ 1,39,579 ಕೋಟಿ ರೂಪಾಯಿಯ ಪರಿಷ್ಕೃತ ಯೋಜನೆಗೆ ಒಪ್ಪಿಗೆ ನೀಡುವಾಗ, ಎಳೆಯನ್ನು ಉಂಗುರದಂತೆ ಸುತ್ತುವರಿಸಿ ಎರಡು ದಿಕ್ಕಿನಿಂದಲೂ ಸಂಪರ್ಕ ಕೊಡುವ ವಿನ್ಯಾಸವನ್ನು ಒಪ್ಪಲಾಯಿತು.

ಎಲ್ಲ ವಿಳಂಬಕ್ಕೂ ಎಳೆಯೇ ಕಾರಣವಲ್ಲ. ದೋಷ ಬೆಂಗಳೂರಿನ ಸರ್ವರಿನಲ್ಲಿಯೂ ಇರಬಹುದು. ಆದರೆ ಹಕ್ಕನ್ನು ಕೌಂಟರಿನಲ್ಲಿ ವಿತರಿಸುವ ಸರ್ಕಾರ, ಆ ಕೌಂಟರಿಗೆ ಮೀಸಲು ಸಾಮರ್ಥ್ಯವನ್ನೂ ಎರಡನೆಯ ದಾರಿಯನ್ನೂ ಒದಗಿಸುವ ಹೊಣೆಯಿಂದ ನುಣುಚಿಕೊಳ್ಳಲಾಗದು. ಅದರ ವೆಚ್ಚವನ್ನು ಸರ್ಕಾರ ಭರಿಸದಿದ್ದರೆ, ಸಾಲಿನಲ್ಲಿ ನಿಂತ ಆ ಹೆಂಗಸು ತನ್ನ ಕೂಲಿಯಿಂದ ಭರಿಸುತ್ತಲೇ ಇರುತ್ತಾಳೆ.