ಕರಿದದ್ದು ಯಾವುದರಲ್ಲಿ?



ನಮ್ಮ ಮಕ್ಕಳು ಪರದೇಶಕ್ಕೆ ಹೋಗುವುದು ಈಗ ಹೊಸ ಮಾತಲ್ಲ. ಸೋಲಾಪುರ, ಅಕ್ಕಲಕೋಟೆ, ಜತ್ತ ಕಡೆಯ ಅಂಗಡಿಕಾರರ ಮನೆಯಿಂದಲೂ ಹುಡುಗರು ಹೊರಟಿದ್ದಾರೆ. ಅಲ್ಲಿ ಏನು ದುಡಿಯುತ್ತಾರೆಂದು ನಾವೆಲ್ಲ ಕೇಳುತ್ತೇವೆ, ಏನು ತಿನ್ನುತ್ತಾರೆಂದು ತಾಯಿಯೊಬ್ಬಳೇ ಕೇಳುತ್ತಾಳೆ. ಆ ಪ್ರಶ್ನೆಗೆ "ಎಲ್ಲಾ ಸಿಗ್ತದವ್ವಾ" ಎಂಬ ಒಂದೇ ಉತ್ತರ ಬರುತ್ತದೆ.

2023ರ ಜೂನ್ ಕೊನೆಯಲ್ಲಿ ನಾವು ಅಕ್ಕನನ್ನು ಕರೆದುಕೊಂಡು ಬೆಲ್ಜಿಯಂ ದೇಶದ ಆಂಟ್‌ವರ್ಪ್ ಪಟ್ಟಣಕ್ಕೆ ಹೋಗಿದ್ದೆವು. ಅವಳ ಮಗ ಅಲ್ಲಿ ವಜ್ರದ ವ್ಯಾಪಾರದ ಒಂದು ಕಚೇರಿಯಲ್ಲಿ ಲೆಕ್ಕದ ಕೆಲಸಕ್ಕೆ ಸೇರಿ ಆಗ ಮೂರು ತಿಂಗಳು. ಅಕ್ಕನ ಮನೆಯಲ್ಲಿ ಈರುಳ್ಳಿ, ಬೆಳ್ಳುಳ್ಳಿ, ಆಲೂಗಡ್ಡೆ ಯಾವುದೂ ಒಲೆ ಹತ್ತುವುದಿಲ್ಲ. ಆದರೂ ಹುಡುಗ ಹೊರಡುವಾಗ ಅವಳೇ ಒಂದು ಸಡಿಲಿಕೆ ಕೊಟ್ಟಿದ್ದಳು. ಉಪವಾಸ ಬೀಳಬೇಡ, ಆಲೂಗಡ್ಡೆ ನಡೆಯಲಿ ಎಂದು. ಈ ಮಾತನ್ನು ವಾಚಕರು ನೆನಪಿನಲ್ಲಿಡಬೇಕು.

ಶುಕ್ರವಾರ ರಾತ್ರಿ ಮುಟ್ಟಿದೆವು. ಶನಿವಾರ ಬೆಳಿಗ್ಗೆ ವಿಲ್ರೈಕ್ ಎಂಬ ಬಡಾವಣೆಯ ಜಿನಮಂದಿರಕ್ಕೆ ಹೋದೆವು. ಬಿಳಿ ಅಮೃತಶಿಲೆಯ ಕಟ್ಟಡ, 2010ರಲ್ಲಿ ತೆರೆದದ್ದು, ಮೂಲನಾಯಕ ಪಾರ್ಶ್ವನಾಥ ಸ್ವಾಮಿ. ಕಟ್ಟಿಸಿದವರು ಶ್ವೇತಾಂಬರ ಬಂಧುಗಳು. ಕಣ್ಣಿಟ್ಟ ಮೂರ್ತಿ ನಮ್ಮ ರೂಢಿಯದಲ್ಲ. ಅಕ್ಕ ಒಂದು ಗಳಿಗೆ ನಿಂತಳು, ಆಮೇಲೆ ಕೈಮುಗಿದು ಕುಳಿತವಳು ಅರ್ಧ ತಾಸು ಏಳಲಿಲ್ಲ.

ಊರಿನ ನಡುವಿನ ರೈಲು ನಿಲ್ದಾಣ 1905ರಲ್ಲಿ ಮುಗಿದದ್ದು, ಅರಮನೆಯಂತಿದೆ. ಅದರ ಪಕ್ಕದಲ್ಲಿಯೇ ವಜ್ರದ ಓಣಿ, ಹೊವೆನಿಯರ್ಸ್‌ಸ್ಟ್ರಾಟ್ ಎಂದು ಹೆಸರು. ಕೋಟಿಗಟ್ಟಲೆ ಮಾಲು ಕೈಬದಲಾಗುವ ಈ ಓಣಿ ನಮ್ಮ ಸರಾಫ ಕಟ್ಟೆಗಿಂತ ದೊಡ್ಡದೇನಲ್ಲ. ಇಲ್ಲಿ ಮೊದಲಿನಿಂದ ಇದ್ದವರು ಯಹೂದಿಗಳು. 1960ರ ದಶಕದಿಂದ ಗುಜರಾತದ ಪಾಲನಪುರ ಕಡೆಯ ಜೈನರು ಬಂದು ಸಣ್ಣ ಹರಳಿನ ವ್ಯಾಪಾರದಿಂದ ಮೇಲೆ ಬಂದರು. ಸೌದೆ ಕುದುರಿದರೆ ಕೈಕುಲುಕಿ "ಮಝಲ್" ಎನ್ನುತ್ತಾರೆ, ಯಹೂದಿಗಳ ಶುಭವಚನ ಅದು. ನಮ್ಮ ಜೈನರೂ ಅದನ್ನೇ ಹೇಳುತ್ತಾರೆ, ಅಲ್ಲಿಗೆ ಮಾತು ಮುಗಿಯಿತು. ಶನಿವಾರ ಯಹೂದಿಗಳ ವಿರಾಮದ ದಿನವಾದ್ದರಿಂದ ಓಣಿ ಬಾಗಿಲು ಹಾಕಿತ್ತು.

ಮಧ್ಯಾಹ್ನದ ಊಟಕ್ಕೆ ತೊಂದರೆಯಾಗಲಿಲ್ಲ. ನಮ್ಮ ದೇಶದವರ ಒಂದು ಹೋಟೆಲಿನಲ್ಲಿ "ಜೈನ್" ಎಂದರೆ ಸಾಕು, ಈರುಳ್ಳಿ ಬೆಳ್ಳುಳ್ಳಿ ಬಿಟ್ಟು ಮಾಡಿಕೊಟ್ಟರು. ತೊಂದರೆ ಇರುವುದು ಅದರ ಹೊರಗೆ. ಬೀದಿಯಲ್ಲಿ ಘಮಘಮಿಸುವ ವಾಫಲ್ ಎಂಬ ಚೌಕ ಚೌಕದ ಬಿಸಿ ರೊಟ್ಟಿಯ ಹಿಟ್ಟಿನಲ್ಲಿ ತತ್ತಿ ಇರುತ್ತದೆ. ಯಹೂದಿ ಬೇಕರಿಗಳಲ್ಲಿ "ಪಾರ್ವೆ" ಎಂದು ಬರೆದ ತಿನಿಸು ಕಂಡರೆ ನಮ್ಮ ಹುಡುಗರು ನಿಶ್ಚಿಂತರಾಗುತ್ತಾರಂತೆ. ಅದರ ಅರ್ಥ ಹಾಲೂ ಇಲ್ಲ, ಮಾಂಸವೂ ಇಲ್ಲ ಎಂದಷ್ಟೇ. ತತ್ತಿ, ಮೀನು ಅವರ ಲೆಕ್ಕದಲ್ಲಿ ಪಾರ್ವೆಯೊಳಗೇ ಬರುತ್ತವೆ. ಚೀಸ್ ಕೊಳ್ಳುವಾಗ ಹಾಲು ಒಡೆಯಲು ಹಾಕಿದ್ದು ಕರುವಿನ ಹೊಟ್ಟೆಯಿಂದ ತೆಗೆದದ್ದೋ ಬೇರೆಯೋ ಎಂದು ನೋಡಬೇಕು, ಆ ಪದಾರ್ಥಕ್ಕೆ ಅಲ್ಲಿಯ ಡಚ್ ಭಾಷೆಯಲ್ಲಿ "ಸ್ಟ್ರೆಮ್ಸೆಲ್" ಎನ್ನುತ್ತಾರೆ. ಕೆಂಪು ಮಿಠಾಯಿಯ ಪೊಟ್ಟಣದ ಮೇಲೆ ಇ120 ಎಂದಿದ್ದರೆ ಅದು ಹುಳುವಿನಿಂದ ತೆಗೆದ ಬಣ್ಣ.

ಸಂಜೆಯ ಊಟ ಬೇರೆಯೇ ಪೇಚು. ಜೂನ್ ಕೊನೆಗೆ ಅಲ್ಲಿ ಸೂರ್ಯ ಮುಳುಗುವುದು ರಾತ್ರಿ ಹತ್ತರ ಸುಮಾರಿಗೆ. ಊರಲ್ಲಿ ಆರಕ್ಕೇ ತಾಟು ತೊಳೆದಿಡುವ ಅಕ್ಕ ಎಂಟೂವರೆಗೆ ಕಿಟಕಿಯಲ್ಲಿ ನಿಂತು, "ಗಡಿಯಾರ ನೋಡ್ಲ್ಯೋ, ಸೂರ್ಯನ್ನ ನೋಡ್ಲ್ಯೋ?" ಎಂದಳು. ಸೂರ್ಯನನ್ನೇ ನೋಡು ಎಂದೆವು. ಆದರೆ ಡಿಸೆಂಬರಿನಲ್ಲಿ ಅದೇ ಸೂರ್ಯ ನಾಲ್ಕೂವರೆ ದಾಟುತ್ತಲೇ ಮುಳುಗುತ್ತಾನೆ, ಆಗ ಹುಡುಗ ಕಚೇರಿಯಲ್ಲಿ ಮೇಜಿನ ಮುಂದೆ ಇರುತ್ತಾನೆ. ನಾಲ್ಕಕ್ಕೆ ಡಬ್ಬಿ ತೆರೆಯಲು ಸಾಹೇಬರನ್ನು ಕೇಳಿಕೊಳ್ಳಬೇಕು. ಕೇಳುತ್ತೀಯಾ ಎಂದರೆ ನಕ್ಕು ಸುಮ್ಮನಾದ. ಕೇಳಲು ಸಂಕೋಚಪಡುವ ಹುಡುಗ ಎಂದು ನಮಗೆ ಹೊಳೆದದ್ದು ಆಗಲೇ.

ಭಾನುವಾರ ಸಮುದ್ರ ನೋಡುವ ಕಾರ್ಯಕ್ರಮ. ಗೆಂಟ್, ಬ್ರೂಗ್ ಊರುಗಳ ಮೇಲೆ ಹಾಯುವ ರೈಲಿನಲ್ಲಿ ಸುಮಾರು ಒಂದೂಮುಕ್ಕಾಲು ತಾಸಿಗೆ ಒಸ್ಟೆಂಡ್ ಎಂಬ ಬಂದರು ಊರು ಬರುತ್ತದೆ. ಅಕ್ಕ ಜೋಳದ ರೊಟ್ಟಿ, ಬೆಳ್ಳುಳ್ಳಿ ಹಾಕದ ಶೇಂಗಾ ಹಿಂಡಿ ಕಟ್ಟಿಕೊಂಡಿದ್ದಳು. ಬಂದರಿನ ಕಡೆಯ ಬೀದಿಯಲ್ಲಿ ಮೀನು, ಸಿಗಡಿ, ಶಂಖದ ಹುಳುವಿನ ಸಾರು ಮಾರುವ ಸಾಲು ಅಂಗಡಿ. ಅಕ್ಕ ಸೆರಗು ಮೂಗಿಗೆ ಹಿಡಿದು ನಡೆದ ವೇಗಕ್ಕೆ ನಾವು ಓಡಬೇಕಾಯಿತು. ಮುಂದೆ ದಂಡೆಯಲ್ಲಿ ಬಯಲು, ಗಾಳಿ. ಎರಡನೆಯ ಲಿಯೊಪೋಲ್ಡ್ ದೊರೆ 1902ರಿಂದ 1906ರ ನಡುವೆ ಕಟ್ಟಿಸಿದ ಕಂಬಗಳ ಉದ್ದ ಮೊಗಸಾಲೆ ಇದೆ, ಮಳೆಗಾಳಿಗೆ ಸಿಗದೆ ನಡೆಯಲು. ಜೇಮ್ಸ್ ಎನ್ಸರ್ ಎಂಬ ಪ್ರಸಿದ್ಧ ಚಿತ್ರಕಾರ (1860-1949) ಇದೇ ಊರಿನವನು. ಅವನ ಮನೆತನದ ಕಸುಬು ಕಪ್ಪೆಚಿಪ್ಪು, ಮುಖವಾಡ ಮಾರುವ ಅಂಗಡಿ. ಆ ಮುಖವಾಡಗಳೇ ಅವನ ಚಿತ್ರಗಳಿಗೆ ಬಂದವು. ಅಂಗಡಿ ಮನೆಯಲ್ಲಿ ಹುಟ್ಟಿದವನಿಗೆ ಸರಕು ಬಿಡುವುದಿಲ್ಲ ಎಂದು ಅಕ್ಕನಿಗೆ ಹೇಳಿದೆವು. ಅವಳ ಲಕ್ಷ್ಯ ಮಗನ ಮೇಲಿತ್ತು.

ಮಗ ಆಲೂಗಡ್ಡೆ ಹೋಳು ಕರಿದು ಕೊಡುವ ಗೂಡಂಗಡಿಯ ಸಾಲಿನಲ್ಲಿ ನಿಂತಿದ್ದ. ಬೆಲ್ಜಿಯಂನಲ್ಲಿ ಅದು ಊರೂರಿನ ಹೆಮ್ಮೆ. ಶುಕ್ರವಾರ ಕಚೇರಿ ಬಿಟ್ಟ ಮೇಲೆ ಮನೆಯ ಹತ್ತಿರದ ಅಂಗಡಿಯಲ್ಲಿ ತಿನ್ನುವುದು ಅವನ ವಾರದ ರೂಢಿಯಂತೆ. ಅಕ್ಕ ಹತ್ತಿರ ಹೋದವಳು ವಾಸನೆ ಹಿಡಿದು ನಿಂತಳು.

"ಯಾತರಾಗ ಕರೀತಾರ, ಕೇಳಿದಿ ಏನು?"

"ಎಣ್ಣ್ಯಾಗವ್ವಾ, ಇನ್ನ್ಯಾತರಾಗ ಕರೀತಾರು?"

"ಕೇಳು."

ಅವನು ನಮ್ಮ ಮುಖ ನೋಡಿದ. ಹಿಂದೆ ಏಳೆಂಟು ಜನ ನಿಂತಿದ್ದರು. ನಾವೂ ಕೇಳು ಎಂದೆವು. ಒಳಗಿನ ಹುಡುಗಿ ಸಹಜವಾಗಿ "ಓಸೆವಿಟ್" ಎಂದಳು, ಇವನಿಗೆ ತಿಳಿಯಲಿಲ್ಲವೆಂದು ಇಂಗ್ಲಿಷಿನಲ್ಲಿ ಬಿಡಿಸಿ ಹೇಳಿದಳು. ದನದ ಕೊಬ್ಬು. ಅದರಲ್ಲಿ ಕರಿದರೇ ರುಚಿ ಎಂಬುದು ಅಲ್ಲಿಯ ಹಳೆಯ ಪದ್ಧತಿ. ಅವಳು ಮುಚ್ಚಿಟ್ಟಿರಲಿಲ್ಲ, ಯಾರೂ ಕೇಳಿರಲಿಲ್ಲ ಅಷ್ಟೆ.

ಹುಡುಗ ಸಾಲು ಬಿಟ್ಟು ನೀರಿನ ಕಡೆ ಹೋಗಿ ಬೆನ್ನು ತಿರುಗಿಸಿ ನಿಂತ. ಮೂರು ತಿಂಗಳಿಗೆ ಎಷ್ಟು ಶುಕ್ರವಾರ ಎಂದು ಎಣಿಸುತ್ತಿದ್ದನೋ ಏನೋ. ನಾವು ಹೋಗಲು ಎದ್ದರೆ ಅಕ್ಕ ಕೈ ಹಿಡಿದಳು. ತುಸು ಹೊತ್ತಿನ ಮೇಲೆ ತಾನೇ ಹೋದಳು. "ಆಲೂಗಡ್ಡಿ ನಡೀಲಿ ಅಂದಾಕಿ ನಾನs. ನಾಳೆ ಇಬ್ಬರೂ ಉಪವಾಸ ಮಾಡೂನು" ಎಂದದ್ದು ಗಾಳಿಯಲ್ಲಿ ನಮಗೂ ಕೇಳಿಸಿತು. ಆಮೇಲೆ ರೊಟ್ಟಿಯ ಗಂಟು ಬಿಚ್ಚಿದಳು. ಮೂವರೂ ಮರಳಿನಲ್ಲಿ ಕುಳಿತು ಉಂಡೆವು. ಹುಡುಗ ಒಂದೇ ರೊಟ್ಟಿ ತಿಂದ.

ಮಕ್ಕಳನ್ನು ಆ ಕಡೆ ಕಳಿಸುವವರು ಎರಡು ಡಚ್ ಮಾತು ಬರೆದುಕೊಳ್ಳಿರಿ. "ಪ್ಲಾಂಟಾರ್ದಿಖ" ಎಂದರೆ ಸಸ್ಯದ್ದು. ದನದ ಕೊಬ್ಬಿಗೆ "ಓಸೆವಿಟ್" ಇಲ್ಲವೆ "ರುಂಡ್‌ವೆಟ್". ರುಂಡ ಎಂಬ ಸದ್ದಿನಿಂದಲೇ ನೆನಪಿಡಬಹುದು. ಎಣ್ಣೆ ಬಳಸುವ ಅಂಗಡಿಗಳೂ ಅಲ್ಲಿ ಸಾಕಷ್ಟಿವೆ, ಆದರೆ ಅದೇ ಬಾಣಲೆಯಲ್ಲಿ ಮಾಂಸದ ತಿನಿಸು ಕರಿಯುತ್ತಾರೋ ಎಂದು ಎರಡನೆಯ ಪ್ರಶ್ನೆ ಕೇಳಲೇಬೇಕು. ಓಣಿಯ ಪಾಲನಪುರದವರಿಗೆ ಇದೆಲ್ಲ ಗೊತ್ತು. ಹುಡುಗ ಅವರ ನಡುವೆಯೇ ಕುಳಿತು ಕೆಲಸ ಮಾಡುತ್ತಿದ್ದ. ಗುಜರಾತಿ ಬಾರದ ಹೊಸಬ ನಾನು, ಇಂಥದ್ದನ್ನು ಹೇಗೆ ಕೇಳಲಿ ಎಂದುಕೊಂಡಿದ್ದನಂತೆ.

ಆಂಟ್‌ವರ್ಪಿಗೆ ಮರಳಿದಾಗ ಒಂಬತ್ತು ದಾಟಿತ್ತು, ಇನ್ನೂ ಬೆಳಕು. ಅವನ ಶುಕ್ರವಾರದ ಅಂಗಡಿ ತೆರೆದೇ ಇತ್ತು. ಅಕ್ಕ ಏನೂ ಹೇಳಲಿಲ್ಲ, ನಡೆಯುವುದನ್ನು ನಿಲ್ಲಿಸಿದಳು. ಅವನು ಒಬ್ಬನೇ ಹೋಗಿ ಕೇಳಿ ಬಂದ. ಅಲ್ಲಿಯೂ ಅದೇ ಕೊಬ್ಬು. ಆದರೆ ಅಂಗಡಿಯವನು ಬೇಸರಪಡದೆ, ಎರಡು ಓಣಿ ಆಚೆ ಬರೀ ಎಣ್ಣೆಯಲ್ಲಿ ಕರಿಯುವವನೊಬ್ಬನಿದ್ದಾನೆಂದು ಕೈಮಾಡಿ ದಾರಿ ತೋರಿಸಿದನಂತೆ.

"ಕೇಳಾಕ ಎಷ್ಟೊತ್ತು ಹಿಡೀತು?" ಎಂದಳು ಅಕ್ಕ.

"ಅರ್ಧ ನಿಮಿಷ ಆತವ್ವಾ."