ದೀಪದ ಬುಡದಲ್ಲಿ ನಿಂತವರು

ಕಳಸದಿಂದ ಕುದುರೆಮುಖಕ್ಕೆ ಹೋಗುವ ಮಾರ್ಗದಲ್ಲಿರುವ ಸಂಸೆಯನ್ನು ನಮ್ಮ ವಾಚಕರಲ್ಲಿ ಅನೇಕರು ಕಂಡಿರಬಹುದು. ಮೊದಲು ಮೂಡಿಗೆರೆ ತಾಲ್ಲೂಕಿನಲ್ಲಿದ್ದು ಈಗ ಕಳಸ ತಾಲ್ಲೂಕಿಗೆ ಸೇರಿರುವ ಈ ಗ್ರಾಮದ ಸುತ್ತ ಚಹದ ತೋಟಗಳೂ ಕಾಫಿಯ ತೋಟಗಳೂ ಹಬ್ಬಿವೆ; ಅವುಗಳ ಮೇಲ್ಗಡೆ ಶೋಲಾ ಕಾಡು, ಅದಕ್ಕೂ ಮೇಲೆ ಹುಲ್ಲಿನ ಬೋಳುಗುಡ್ಡಗಳು. ಮಳೆಯೆಂದರೆ ತಿಂಗಳುಗಟ್ಟಲೆ ಬಿಡದ ಮಳೆ. ಇಂಥ ಮಲೆನಾಡು ಕನ್ನಡ ಚಲಚ್ಚಿತ್ರಕ್ಕೆ ಬಹುಕಾಲದಿಂದ ತೌರುಮನೆಯಂತಾಗಿದೆ. 1970ರಲ್ಲಿ ಹೊರಬಂದ ‘ಸಂಸ್ಕಾರ’ವು ಇದೇ ಜಿಲ್ಲೆಯ ಶೃಂಗೇರಿಯ ಹತ್ತಿರದ ವೈಕುಂಠಪುರದಲ್ಲಿ ಚಿತ್ರಿತವಾಯಿತು. 2006ರ ‘ಮುಂಗಾರು ಮಳೆ’ಯು ಸಕಲೇಶಪುರ, ಮಡಿಕೇರಿ, ಜೋಗಗಳ ಮಳೆಯನ್ನು ನಾಡಿನ ಮನೆಮನೆಗೂ ಮುಟ್ಟಿಸಿತು. ತೆರೆಯ ಮೇಲೆ ಈ ಮಂಜನ್ನೂ ಮಳೆಯನ್ನೂ ನೋಡಿ ತಲೆದೂಗುವ ಪಟ್ಟಣಿಗರಾದ ನಾವು ಒಂದು ಪ್ರಶ್ನೆಯನ್ನು ಮಾತ್ರ ಕೇಳಿದವರಲ್ಲ: ಆ ಗುಡ್ಡಕ್ಕೆ ದೀಪವನ್ನು ಹೊತ್ತವರಾರು?

ಈಗ ಆ ಪ್ರಶ್ನೆಯನ್ನು ಕೇಳಲು ಕಾರಣವುಂಟು. 2025ರ ನವೆಂಬರ್ 21ರಂದು ಕೇಂದ್ರ ಸರಕಾರವು ನಾಲ್ಕು ಕಾರ್ಮಿಕ ಸಂಹಿತೆಗಳನ್ನು ಜಾರಿಗೆ ತಂದಿತು. ಅವುಗಳಲ್ಲಿ, ಕೆಲಸದ ಸ್ಥಳದ ಸುರಕ್ಷತೆ ಮತ್ತು ಆರೋಗ್ಯಗಳಿಗೆ ಸಂಬಂಧಪಟ್ಟ 2020ರ ಸಂಹಿತೆಯು ಹದಿಮೂರು ಹಳೆಯ ಕಾಯಿದೆಗಳನ್ನು ಒಂದುಗೂಡಿಸಿದೆ. 1951ರ ತೋಟ ಕಾರ್ಮಿಕರ ಕಾಯಿದೆ ಅವುಗಳಲ್ಲೊಂದು. 1981ರ ಚಲಚ್ಚಿತ್ರ ಕಾರ್ಮಿಕರ ಕಾಯಿದೆ ಮತ್ತೊಂದು. ಆದುದರಿಂದ ಸಂಸೆಯ ತೋಟದಲ್ಲಿ ಚಹದ ಚಿಗುರನ್ನು ಕೀಳುವ ಹೆಣ್ಣುಮಗಳೂ, ಅಂಥದೇ ತೋಟದ ದಿಣ್ಣೆಯ ಮೇಲೆ ರಾತ್ರಿಯಲ್ಲಿ ದೀಪ ನಿಲ್ಲಿಸುವ ಲೈಟ್‌ಮನ್ನನೂ ಇಂದು ಒಂದೇ ಶಾಸನದ ಆಶ್ರಯದಲ್ಲಿದ್ದಾರೆ. ಶಾಸನದ ಪುಸ್ತಕದಲ್ಲಿ ಹಾಗಿರುವುದು ನಿಜ. ಗುಡ್ಡದ ಮೇಲೆಯೂ ಹಾಗೆಯೇ ಇದೆಯೇ ಎಂಬುದೇ ನಾವು ವಿಚಾರಿಸಬೇಕಾದ ಸಂಗತಿ.

ಚಿತ್ರರಂಗದವರ ಮಾತಿನಲ್ಲಿ ದೀಪ, ಕ್ರೇನು, ಟ್ರಾಲಿ, ಜನರೇಟರುಗಳನ್ನೂ ಅವುಗಳೊಡನೆ ಬರುವ ಆಳುಗಳನ್ನೂ ಒಟ್ಟಾಗಿ ‘ಯೂನಿಟ್’ ಎನ್ನುವುದು ವಾಡಿಕೆ. ಬೆಂಗಳೂರಿನಿಂದ ಹೊರಟ ಯೂನಿಟ್ಟಿನ ಲಾರಿಯು ಮೂಡಿಗೆರೆ, ಕೊಟ್ಟಿಗೆಹಾರಗಳನ್ನು ದಾಟಿ ಸಂಸೆಯಂಥ ಊರನ್ನು ಸೇರಬೇಕಾದರೆ ಮುನ್ನೂರು ಕಿಲೋಮೀಟರಿಗೂ ಮಿಕ್ಕ ಹಾದಿ. ಲಾರಿಯಾದರೋ ರಸ್ತೆಯಿರುವವರೆಗೆ ಮಾತ್ರ ಬರುತ್ತದೆ. ಅಲ್ಲಿಂದಾಚೆಗೆ ಕೇಬಲ್ಲಿನ ಸುರುಳಿಗಳೂ, ಕಬ್ಬಿಣದ ಸ್ಟ್ಯಾಂಡುಗಳೂ, ಮರಳಿನ ಚೀಲಗಳೂ ಮನುಷ್ಯನ ಹೆಗಲ ಮೇಲೆಯೇ ಏರಬೇಕು. ಕಾಲಿಗೆ ಹತ್ತಿದ ಇಂಬಳವನ್ನು ಕಿತ್ತೆಸೆಯಲೂ ಪುರುಸೊತ್ತಿಲ್ಲ. ಇಳಿಜಾರಿನಲ್ಲಿ ಟ್ರಾಲಿಯ ಹಳಿಯನ್ನು ಹಾಸುವುದೆಂದರೆ ಹಲಗೆಗಳನ್ನಿಟ್ಟು, ಬೆಣೆ ಹೊಡೆದು, ಇಲ್ಲದ ಮಟ್ಟವನ್ನು ಉಂಟುಮಾಡುವುದು. ಎಳ್ಳಷ್ಟು ತಪ್ಪಿದರೂ ಚಿತ್ರವು ನಡುಗುತ್ತದೆ. ಬಿಸಿಲನ್ನು ಮೆತ್ತಗಾಗಿಸಲು ಎತ್ತಿ ಕಟ್ಟುವ ಹನ್ನೆರಡು ಅಡಿ ಚೌಕದ ಬಟ್ಟೆಯು ಗುಡ್ಡದ ಗಾಳಿಗೆ ಹಡಗಿನ ಹಾಯಿಯಂತೆ ಉಬ್ಬಿ, ಹಿಡಿದವರನ್ನೇ ಎಳೆದೊಯ್ಯಬಲ್ಲದು. ಇದನ್ನು ಬರಿಯ ಹೊರೆ ಹೊರುವ ಕೆಲಸವೆಂದು ತಿಳಿಯುವುದು ಅಜ್ಞಾನ. ಛಾಯಾಗ್ರಾಹಕನು ಬಾಯಿ ತೆರೆಯುವ ಮುನ್ನವೇ ಯಾವ ದೀಪ, ಎಷ್ಟು ಎತ್ತರ, ನೆರಳು ಎಲ್ಲಿ ಬೀಳಬೇಕು ಎಂಬುದನ್ನರಿತ ಹಳಬರು ಈ ವರ್ಗದಲ್ಲಿದ್ದಾರೆ. ಈ ವಿದ್ಯೆಯಲ್ಲಿ ಬಹುಪಾಲು ಹಿರಿಯರ ಕೈಕೆಳಗೆ ದುಡಿದು ಬಂದದ್ದೇ ಹೊರತು ಪಾಠಶಾಲೆಯಲ್ಲಿ ಕಲಿತದ್ದಲ್ಲ.

ಹಗಲಿನ ಕೆಲಸವೇ ಹೀಗಾದರೆ ಇನ್ನು ರಾತ್ರಿಯ ಕೆಲಸವನ್ನು ಹೇಳತಕ್ಕದ್ದೇನು! ಕಾಡಿನ ಮೇಲೆ ಬೆಳದಿಂಗಳು ಬಿದ್ದಂತೆ ತೋರಿಸಲು 18 ಕಿಲೋವಾಟಿನ ಎಚ್.ಎಂ.ಐ. ದೀಪವನ್ನು ಎತ್ತರದಲ್ಲಿ ನಿಲ್ಲಿಸುವುದುಂಟು. ಅಂಥ ಒಂದು ದೀಪವು 230 ವೋಲ್ಟಿನಲ್ಲಿ ಸುಮಾರು 80 ಆಂಪಿಯರ್ ವಿದ್ಯುತ್ತನ್ನು ಎಳೆಯುತ್ತದೆ. ನಮ್ಮ ಅಡಿಗೆಮನೆಯ ದೊಡ್ಡ ಸಾಕೆಟ್ಟು 16 ಆಂಪಿಯರಿನದೆಂಬುದನ್ನು ನೆನೆದರೆ ಇದರ ಬಲವು ತಿಳಿದೀತು. ಈ ಬಲವನ್ನು ಸಾಗಿಸುವ ಕೇಬಲ್ಲು ಒದ್ದೆ ಹುಲ್ಲಿನ ಮೇಲೆ ಮಲಗಿರುತ್ತದೆ. ಮೇಲಿನಿಂದ ದೇವರ ಮಳೆ. ಅದು ಸಾಲದಿದ್ದರೆ ಟ್ಯಾಂಕರಿನ ಮಳೆ. ಕಾದ ಗಾಜಿನ ಮೇಲೆ ತಣ್ಣೀರು ಬಿದ್ದರೆ ಅದು ಸಿಡಿಯುತ್ತದೆ. ಕೇಬಲ್ಲಿನ ಹೊದಿಕೆ ಎಲ್ಲಾದರೂ ಹರಿದಿದ್ದರೆ ನೆಲವೇ ಕೊಲ್ಲುತ್ತದೆ. ಕೇವಲ 30 ಮಿಲಿಯಾಂಪಿಯರ್ ವಿದ್ಯುತ್ತು ನೆಲಕ್ಕೆ ಸೋರಿದೊಡನೆ ಕ್ಷಣಾರ್ಧದಲ್ಲಿ ಸಂಪರ್ಕವನ್ನು ಕಡಿಯುವ ಸಾಧನವು ಇಂದು ಸಾಮಾನ್ಯ ಗೃಹಸ್ಥರ ಮನೆಗಳಲ್ಲಿಯೂ ಉಂಟು. ಅದು ಗುಡ್ಡದ ಮೇಲಣ ಜನರೇಟರಿನಲ್ಲಿರುವುದೇ, ಇದ್ದರೆ ಅದನ್ನು ಪರೀಕ್ಷಿಸಿದವರಾರು ಎಂದು ಕೇಳುವ ಅಧಿಕಾರಿಯು ಮಾತ್ರ ಅಲ್ಲಿರುವುದಿಲ್ಲ.

ವಿದ್ಯುತ್ತಿಗಿಂತಲೂ ಮೆಲ್ಲಗೆ ಕೊಲ್ಲುವ ಮತ್ತೊಂದು ಶತ್ರುವು ನಿದ್ರಾಹೀನತೆ. ನಟನು ಮುಖಕ್ಕೆ ಬಣ್ಣ ಹಚ್ಚಿಕೊಳ್ಳುವುದಕ್ಕೆ ಮೊದಲೇ ದೀಪ ನಿಂತಿರಬೇಕು. ನಟನು ಬಣ್ಣ ತೊಳೆದು ಮಲಗಿದ ಮೇಲೆಯೂ ದೀಪವನ್ನು ಬಿಚ್ಚಿ ಲಾರಿಗೆ ತುಂಬಬೇಕು. ಎಲ್ಲರಿಗಿಂತ ಮೊದಲು ಬಂದು ಎಲ್ಲರಿಗಿಂತ ಹಿಂದೆ ಹೋಗುವುದೇ ಈ ವೃತ್ತಿಯ ಧರ್ಮವಾಗಿದೆ. ರಾತ್ರಿಯೆಲ್ಲ ದುಡಿದವನು ಬೆಳಗಿನ ಜಾವದಲ್ಲಿ ಮಂಜು ಮುಸುಕಿದ ಘಟ್ಟದ ತಿರುವುಗಳಲ್ಲಿ ಲಾರಿಯನ್ನು ನಡೆಸಿದರೆ ಏನಾದೀತೆಂಬುದನ್ನು ನಾವು ವಿವರಿಸಬೇಕಾಗಿಲ್ಲ. 1997ರಲ್ಲಿ ಅಮೆರಿಕದಲ್ಲಿ ಸಹಾಯಕ ಛಾಯಾಗ್ರಾಹಕನೊಬ್ಬನು 19 ಗಂಟೆಗಳ ಕಾಲ ದುಡಿದು ತನ್ನ ಕಾರಿನಲ್ಲಿ ಮನೆಗೆ ಹೋಗುವಾಗ ನಿದ್ರೆ ಹತ್ತಿ ಅಪಘಾತದಲ್ಲಿ ಮಡಿದನು. ಅಲ್ಲಿನ ಕಾರ್ಮಿಕ ಸಂಘವು 2021ರಲ್ಲಿ ಮುಷ್ಕರದ ಅಂಚಿಗೆ ಬಂದು ನಿಂತ ಮೇಲೆ, ಒಂದು ದಿನದ ಕೆಲಸಕ್ಕೂ ಮರುದಿನದ ಕೆಲಸಕ್ಕೂ ನಡುವೆ ಹತ್ತು ಗಂಟೆಗಳ ಬಿಡುವು ಒಪ್ಪಂದದಲ್ಲಿ ಸೇರಿತು. ಅಷ್ಟು ಸಿರಿವಂತ ದೇಶದಲ್ಲಿಯೂ ನಿದ್ರೆಯನ್ನು ಬೇಡಿ ಪಡೆಯಬೇಕಾಯಿತೆಂದ ಮೇಲೆ, ನಮ್ಮಲ್ಲಿ ಅದು ತಾನಾಗಿ ಬಂದೀತೆಂದು ನಂಬುವುದು ಹೇಗೆ?

ನಾವು ಇಲ್ಲದ ಭಯವನ್ನು ಹುಟ್ಟಿಸುತ್ತಿಲ್ಲ. 1989ರ ಫೆಬ್ರವರಿ 8ರಂದು ಮೈಸೂರಿನ ಪ್ರೀಮಿಯರ್ ಸ್ಟುಡಿಯೋದಲ್ಲಿ ಟಿಪ್ಪು ಸುಲ್ತಾನನ ಧಾರಾವಾಹಿಯ ಚಿತ್ರೀಕರಣಕಾಲದಲ್ಲಿ ಬೆಂಕಿ ಬಿದ್ದು 62 ಮಂದಿ ಸತ್ತುದನ್ನು ಹಳೆಯ ವಾಚಕರು ಮರೆತಿರಲಾರರು. 2020ರ ಫೆಬ್ರವರಿಯಲ್ಲಿ ನೆರೆಯ ಚೆನ್ನೈಯಲ್ಲಿ ಭಾರಿ ದೀಪಗಳನ್ನು ಹೊತ್ತ ಕ್ರೇನು ಉರುಳಿ ಮೂವರು ಮಡಿದರು. 2021ರ ಆಗಸ್ಟಿನಲ್ಲಿ ಬಿಡದಿಯ ಬಳಿ ಸಾಹಸದೃಶ್ಯವೊಂದರ ಚಿತ್ರೀಕರಣದಲ್ಲಿ ಹೈಟೆನ್ಷನ್ ತಂತಿಯ ವಿದ್ಯುತ್ತು ತಗಲಿ ಒಬ್ಬ ಸಾಹಸ ಕಲಾವಿದನು ಸತ್ತನು. 2024ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಹೊರವಲಯದಲ್ಲಿ ಒಬ್ಬ ತರುಣ ಲೈಟ್‌ಮನ್ನನು ಎತ್ತರದಿಂದ ಬಿದ್ದು ಆಸ್ಪತ್ರೆಯಲ್ಲಿ ಪ್ರಾಣಬಿಟ್ಟನು. ನಿರ್ಲಕ್ಷ್ಯದ ದೂರು ದಾಖಲಾಯಿತು. ಪ್ರತಿಸಲವೂ ಕೆಲವು ದಿನ ಶೋಕ, ಕೆಲವು ದಿನ ಚರ್ಚೆ, ಆಮೇಲೆ ಮರೆವು. ರಾಜಧಾನಿಯ ಆಸ್ಪತ್ರೆಗಳ ಸಮೀಪದಲ್ಲಿಯೇ ಹೀಗಾದರೆ, ದೊಡ್ಡ ಆಸ್ಪತ್ರೆಗೆ ಘಟ್ಟವನ್ನು ಸುತ್ತಿ ಗಂಟೆಗಟ್ಟಲೆ ಪಯಣಿಸಬೇಕಾದ ಸಂಸೆಯ ಗುಡ್ಡದ ಮೇಲೆ ಬಿದ್ದವನ ಗತಿಯೇನು?

ಈ ಅವ್ಯವಸ್ಥೆಯ ಮೂಲವೆಲ್ಲಿದೆ? ಕ್ರೌರ್ಯದಲ್ಲಿ ಎಂದು ನಾವು ಹೇಳೆವು. ಮೂಲವಿರುವುದು ಬಾಡಿಗೆಯ ಪದ್ಧತಿಯಲ್ಲಿ. ನಿರ್ಮಾಪಕನು ದೀಪಗಳನ್ನು ದಿನದ ಲೆಕ್ಕದಲ್ಲಿ ಬಾಡಿಗೆಗೆ ತರುತ್ತಾನೆ. ದೀಪದೊಡನೆ ಆಳೂ ಬರುತ್ತಾನೆ, ಸಾಮಾನಿನೊಡನೆ ಗೋಣಿಚೀಲ ಬಂದಂತೆ. ಆಳು ತನ್ನವನಲ್ಲ, ಯೂನಿಟ್ಟಿನವನೆಂದು ನಿರ್ಮಾಪಕನು ತಿಳಿಯುತ್ತಾನೆ. ಕೆಲಸವನ್ನು ಹೇಳಿದವರು ಚಿತ್ರದವರು, ತಾನಲ್ಲವೆಂದು ಯೂನಿಟ್ಟಿನ ಮಾಲೀಕನು ತಿಳಿಯುತ್ತಾನೆ. ಇವರಿಬ್ಬರ ನಡುವೆ, ಬಿದ್ದವನಿಗೆ ಯಜಮಾನನಾರೆಂಬುದೇ ತೀರ್ಮಾನವಾಗದೆ ಉಳಿಯುತ್ತದೆ. ತೋಟದ ಕೂಲಿಗಾದರೋ ಯಜಮಾನನು ಎದುರಿಗೇ ಇದ್ದಾನೆ. ಆಕೆಯ ಬಾಳು ಸುಖದ ಸುಪ್ಪತ್ತಿಗೆಯೆಂದು ನಾವು ಹೇಳುತ್ತಿಲ್ಲ. ಆದರೆ ಆಕೆಯ ಹೆಸರು ಹಾಜರಿ ಪುಸ್ತಕದಲ್ಲುಂಟು; ವಸತಿ, ವೈದ್ಯ, ಕೂಸಿನ ಪಾಲನೆಗಳನ್ನು ತೋಟದವನು ಒದಗಿಸತಕ್ಕದ್ದೆಂದು 1951ರ ಕಾಯಿದೆಯೇ ವಿಧಿಸಿತ್ತು. ತೋಟವು ಎದ್ದು ಬೇರೆ ಊರಿಗೆ ಹೋಗಲಾರದು. ಚಿತ್ರವು ಹತ್ತು ದಿನಗಳಲ್ಲಿ ಗಂಟುಮೂಟೆ ಕಟ್ಟಿ ಹೊರಟುಹೋಗುತ್ತದೆ. ಇನ್‌ಸ್ಪೆಕ್ಟರನು ಬರುವಷ್ಟರಲ್ಲಿ ಗುಡ್ಡದ ಮೇಲೆ ಉಳಿದಿರುವುದು ತುಳಿದ ಹುಲ್ಲು ಮಾತ್ರ.

ಶಾಸನವು ಈ ತೊಡಕನ್ನು ಕಾಣದೆ ಇಲ್ಲ. ಬರವಣಿಗೆಯ ಕರಾರಿಲ್ಲದೆ ಚಲಚ್ಚಿತ್ರ ಕಾರ್ಮಿಕನನ್ನು ನೇಮಿಸಕೂಡದೆಂದೂ, ಗುತ್ತಿಗೆದಾರನ ಮೂಲಕ ಬಂದವನ ಕರಾರಿನಲ್ಲಿ ನಿರ್ಮಾಪಕನೂ ಪಕ್ಷಗಾರನಾಗಬೇಕೆಂದೂ 1981ರ ಕಾಯಿದೆಯು ಸಾರಿತ್ತು. ಈಗಿನ ಸಂಹಿತೆಯು ಅದನ್ನೇ ಮುಂದುವರಿಸಿ, ಧಾರಾವಾಹಿ, ಜಾಹೀರಾತು, ಅಂತರ್ಜಾಲದ ಚಿತ್ರಗಳಿಗೂ ವಿಸ್ತರಿಸಿದೆ. ಕರಾರಿನಲ್ಲಿ ಸಂಬಳ, ದುಡಿಮೆಯ ವೇಳೆ, ಸುರಕ್ಷತೆಗಳನ್ನು ನಮೂದಿಸಿ ಅಧಿಕಾರಿಯಲ್ಲಿ ನೋಂದಾಯಿಸಬೇಕೆಂದು ವಿಧಿಸಿದೆ. ಅಂದರೆ ನಲವತ್ತು ವರ್ಷಗಳಿಗೂ ಮಿಕ್ಕ ಕಾಲದಿಂದ ಈ ನಾಡಿನಲ್ಲಿ ಕಾನೂನಿಗೆ ಕೊರತೆಯಿರಲಿಲ್ಲ. ಕಾಗದವನ್ನು ತೋರಿಸೆಂದು ಕೇಳುವ ಬಾಯಿಗೆ ಕೊರತೆಯಿತ್ತು.

ಕರ್ನಾಟಕ ಸರಕಾರವೂ 2024ರಲ್ಲಿ ಸಿನಿ ಮತ್ತು ಸಾಂಸ್ಕೃತಿಕ ಕಾರ್ಯಕರ್ತರ ಕ್ಷೇಮಾಭಿವೃದ್ಧಿಗಾಗಿ ಶಾಸನವನ್ನು ಮಾಡಿ, ಚಿತ್ರಮಂದಿರದ ಟಿಕೇಟು ಮೊದಲಾದವುಗಳ ಮೇಲೆ ಶೇಕಡ 1ರಿಂದ 2ರವರೆಗೆ ಮೇಲ್ತೆರಿಗೆ ವಿಧಿಸಿ ನಿಧಿಯೊಂದನ್ನು ಕೂಡಿಸುವ ಅಧಿಕಾರವನ್ನು ಪಡೆದಿದೆ. ಇದು ಸ್ವಾಗತಾರ್ಹ. 2021ರಲ್ಲಿ ಕೋವಿಡಿನಿಂದ ಚಿತ್ರೀಕರಣಗಳು ನಿಂತಾಗ, ನಟ ಯಶ್ ಅವರು ಮೂರು ಸಾವಿರಕ್ಕೂ ಮಿಕ್ಕ ಚಿತ್ರಕಾರ್ಮಿಕರಿಗೆ ತಲಾ ಐದು ಸಾವಿರ ರೂಪಾಯಿಗಳನ್ನು ಕೊಡಲು ಮುಂದೆ ಬಂದರು. ಆ ಔದಾರ್ಯವನ್ನು ನಾವು ಮನಸಾರೆ ಮೆಚ್ಚುತ್ತೇವೆ. ಆದರೆ ದುಡಿಯುವವನು ಕಷ್ಟಕಾಲದಲ್ಲಿ ದಾನಿಯ ಮುಖವನ್ನು ನೋಡಬೇಕಾದ ಸ್ಥಿತಿಯು ನಾಡಿಗೆ ಗೌರವ ತರತಕ್ಕದ್ದಲ್ಲ. ದಾನವು ದಾನಿಯ ದೊಡ್ಡತನ. ಹಕ್ಕು ದುಡಿದವನ ಸ್ವತ್ತು. ಮತ್ತು ನಿಧಿಯಿಂದ ನೆರವು ಸಲ್ಲಬೇಕಾದರೂ, ಇಂಥವನು ಇಂಥ ಚಿತ್ರದಲ್ಲಿ ದುಡಿದನೆಂಬುದಕ್ಕೆ ಮೊದಲು ಕಾಗದವು ಬೇಕಷ್ಟೆ.

ನಿರ್ಮಾಪಕರು ಹೇಳುವ ಮಾತನ್ನೂ ಕೇಳೋಣ. ಕನ್ನಡ ಚಿತ್ರಗಳಲ್ಲಿ ಹಾಕಿದ ಹಣವು ಹಿಂದಿರುಗುವುದೇ ಅಪರೂಪ. ಮಳೆಯಿಂದ ಒಂದು ದಿನ ಕೆಟ್ಟರೂ ಸಾಲದ ಬಡ್ಡಿ ಏರುತ್ತದೆ. ಇದರ ಮೇಲೆ ಇನ್ನೊಂದು ಹೊರೆಯೇ ಎಂಬುದು ಅವರ ಅಳಲು. ಇದರಲ್ಲಿ ಸತ್ಯವಿಲ್ಲವೆನ್ನಲಾರೆವು. ನಾವೂ ಒಂದು ಅಚ್ಚುಕೂಟವನ್ನು ನಡೆಸುವವರು. ರಾತ್ರಿಪಾಳಿಯ ಲೆಕ್ಕದ ಪುಸ್ತಕವನ್ನು ಇನ್‌ಸ್ಪೆಕ್ಟರರು ಕೇಳಿದಾಗ ನಾವೂ ಒಳಗೊಳಗೇ ಗೊಣಗಿದ್ದುಂಟು. ಆದರೆ ಆ ಪುಸ್ತಕವಿದ್ದುದರಿಂದ ಅಚ್ಚುಕೂಟವು ಮುಚ್ಚಿಹೋಗಲಿಲ್ಲ. ಕ್ಯಾಮೆರಾದ ಬಾಡಿಗೆ, ನಾಯಕನ ಸಂಭಾವನೆಗಳ ಮುಂದೆ ಸೊಂಟದ ಪಟ್ಟಿ, ತಲೆಯ ಶಿರಸ್ತ್ರಾಣ, ವಿದ್ಯುತ್ ಸೋರಿಕೆಯ ಬ್ರೇಕರು, ಅಪಘಾತ ವಿಮೆಗಳ ವೆಚ್ಚವೆಷ್ಟು? ಸಾಸಿವೆಯ ಕಾಳಿನಷ್ಟು. ದೀಪ ಒಡೆದರೆ ಬೆಲೆ ಕಟ್ಟಿಕೊಡುವವರು ದೀಪ ಹಿಡಿದವನ ಪ್ರಾಣಕ್ಕೆ ಮೊದಲೇ ವಿಮೆ ಕಟ್ಟಲಾರರೇ?

ಆದುದರಿಂದ ನಮ್ಮ ಸೂಚನೆಯು ಸರಳವಾದದ್ದು. ಅದಕ್ಕೆ ಹೊಸ ಶಾಸನವೂ ಬೇಡ. ಕಾಡಿನಂಚಿನಲ್ಲಿ, ಸರಕಾರಿ ಜಮೀನಿನಲ್ಲಿ, ರಸ್ತೆಯಲ್ಲಿ ಚಿತ್ರೀಕರಣ ನಡೆಯಬೇಕಾದರೆ ಸರಕಾರದ ಅನುಮತಿ ಬೇಕು. 1987ರಲ್ಲಿ ರಾಷ್ಟ್ರೀಯ ಉದ್ಯಾನವಾಗಿ ಘೋಷಿತವಾದ ಕುದುರೆಮುಖದ ಸುತ್ತಲಂತೂ ಅರಣ್ಯಾಧಿಕಾರಿಗಳ ಒಪ್ಪಿಗೆಯಿಲ್ಲದೆ ಹೆಜ್ಜೆಯಿಡುವಂತಿಲ್ಲ. ಅನುಮತಿ ಕೊಡುವ ಅಧಿಕಾರಿಯು ಶುಲ್ಕವನ್ನೂ ಠೇವಣಿಯನ್ನೂ ಕೇಳುವಾಗಲೇ ಇನ್ನು ಮೂರು ಕಾಗದಗಳನ್ನು ಕೇಳಲಿ: ದುಡಿಯುವ ಪ್ರತಿಯೊಬ್ಬನ ಹೆಸರೂ ಇರುವ ನೋಂದಾಯಿತ ಕರಾರು, ಅವರೆಲ್ಲರ ಅಪಘಾತ ವಿಮೆಯ ಪತ್ರ, ಜನರೇಟರು, ಕೇಬಲ್ಲುಗಳನ್ನು ಪರೀಕ್ಷಿಸಿದ ಅರ್ಹ ವಿದ್ಯುತ್ ತಜ್ಞನ ಸಹಿ. ರಾತ್ರಿಯ ಚಿತ್ರೀಕರಣಕ್ಕೆ ಒಪ್ಪಿಗೆ ಕೊಡುವಾಗ ಮರುದಿನದ ಬಿಡುವಿನ ವೇಳೆಯನ್ನೂ ಬರೆಯಿಸಿಕೊಳ್ಳಲಿ. 1960ರ ದಶಕದಲ್ಲಿ ರಾಜ್ಯದೊಳಗೆ ತಯಾರಾದ ಚಿತ್ರಗಳಿಗೆ ಸರಕಾರವು ಸಹಾಯಧನವನ್ನು ಕೊಡತೊಡಗಿದುದರಿಂದಲೇ ಮದರಾಸಿನ ಸ್ಟುಡಿಯೋಗಳಲ್ಲಿದ್ದ ಕನ್ನಡ ಚಿತ್ರವು ಕನ್ನಡದ ನೆಲಕ್ಕೆ ಬರಲು ನೆರವಾಯಿತು. ಷರತ್ತಿನಿಂದ ಚಿತ್ರವನ್ನು ನಾಡಿಗೆ ತಂದ ಸರಕಾರಕ್ಕೆ, ಷರತ್ತಿನಿಂದ ಚಿತ್ರದೊಳಕ್ಕೆ ನ್ಯಾಯವನ್ನು ತರುವುದು ಅಸಾಧ್ಯವೇ? ಈ ಕಾಗದಗಳಿಲ್ಲದ ಚಿತ್ರಕ್ಕೆ ಪ್ರಜೆಗಳ ಹಣದಿಂದ ಸಹಾಯಧನವು ಸಲ್ಲಕೂಡದು.

ನಮ್ಮ ಪೂರ್ವಿಕರು ನಂದಾದೀಪವು ನಂದದಿರಲೆಂದು ಎಣ್ಣೆಗೆ ದತ್ತಿ ಬಿಟ್ಟು, ಅದನ್ನು ಕಲ್ಲಿನಲ್ಲಿ ಬರೆಯಿಸಿದರು. ದೀಪವು ಉರಿಯಬೇಕಾದರೆ ಯಾರಾದರೂ ಅದರ ಭಾರವನ್ನು ಹೊರಬೇಕೆಂಬುದನ್ನು ಅವರು ಬಲ್ಲವರಾಗಿದ್ದರು. ಬೆಳ್ಳಿತೆರೆಯ ದೀಪಕ್ಕೆ ನಾವು ಕೇಳುತ್ತಿರುವುದು ಕಲ್ಲಿನ ಶಾಸನವಲ್ಲ, ಒಂದು ಹಾಳೆ ಕಾಗದ. ಮುಂದಿನ ಮಳೆಗಾಲದಲ್ಲಿ ಮಲೆನಾಡಿಗೆ ಲಾರಿಗಳು ಏರುವುದಕ್ಕೆ ಮೊದಲೇ, ಚಿಕ್ಕಮಗಳೂರಿನ ಜಿಲ್ಲಾಡಳಿತವು ಆ ಕಾಗದವನ್ನು ಕೇಳುವ ಮೊದಲನೆಯ ಜಿಲ್ಲಾಡಳಿತವೆಂಬ ಕೀರ್ತಿಗೆ ಪಾತ್ರವಾಗಲೆಂದು ನಾವು ಹಾರೈಸುತ್ತೇವೆ.